ಅಪ್ಪನಿಗೆ ಎಡೆ ಇಡಬೇಕಾದವರು ಯಾರು? ಮಹಾಲಯ ಅಮಾವಾಸ್ಯೆಗೆ ಮುಂಚೆ ನಿಮ್ಮ ಸಲಹೆ ಬೇಕು

ಆಲೂರು ತವರು (ಸೆಪ್ಟೆಂಬರ್ 9, 2025)

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿದ್ದೇನೆ, ತವರು ಆಲೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ತಂದೆ ಕಳೆದ ವರ್ಷ ಆಷಾಢದ ಮಳೆಯಲ್ಲಿ ತೀರಿಕೊಂಡರು. ವರ್ಷ ತುಂಬುವವರೆಗೆ ಹೋದವರನ್ನು ಹಿರಿಯರ ಸಾಲಿಗೆ ಸೇರಿಸುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲದ್ದರಿಂದ ಕಳೆದ ವರ್ಷದ ಪಿತೃಪಕ್ಷದಲ್ಲಿ ಅವರ ಹೆಸರಿನಲ್ಲಿ ಎಡೆ ಇಟ್ಟಿರಲಿಲ್ಲ. ಈ ಜುಲೈನಲ್ಲಿ ವರ್ಷದ ತಿಥಿ ಮುಗಿಯಿತು. ಮೊನ್ನೆ ಭಾನುವಾರ ಹುಣ್ಣಿಮೆ, ಗ್ರಹಣ ಎರಡೂ ಕಳೆದು ಪಕ್ಷ ಹಿಡಿದಿದೆ. ಬರುವ 21ನೇ ತಾರೀಖಿನ ಮಹಾಲಯ ಅಮಾವಾಸ್ಯೆಯೇ ಅಪ್ಪ ಹಿರಿಯರಾಗಿ ಮನೆಗೆ ಬರುವ ಮೊದಲ ಹಬ್ಬ.

ನಾವು ಇಬ್ಬರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಅಮ್ಮ ಹೋಗಿ ಬಹಳ ವರ್ಷಗಳಾದವು, ಅವಳ ಎಡೆಯನ್ನು ಇಷ್ಟು ಕಾಲ ಅಪ್ಪನೇ ಇಡುತ್ತಿದ್ದರು. ಹಳೆಯ ತೊಟ್ಟಿಮನೆಯ ಅರ್ಧ ಭಾಗ ಅಪ್ಪನದು, ಇನ್ನರ್ಧದಲ್ಲಿ ಚಿಕ್ಕಪ್ಪನ ಮಗ ಇದ್ದಾನೆ. ಅವನು ಮೊನ್ನೆ ಫೋನ್ ಮಾಡಿ, “ಅಕ್ಕ, ನೀವು ಕೊಟ್ಟ ಹೆಣ್ಣುಮಕ್ಕಳು. ನಿಮಗೆ ಗಂಡನ ಮನೆಯ ಹಿರಿಯರಿದ್ದಾರೆ. ದೊಡ್ಡಪ್ಪ ದೊಡ್ಡಮ್ಮನ ಎಡೆಯನ್ನು ನಮ್ಮವರ ಜೊತೆಯಲ್ಲೇ ನಾನು ಇಡುತ್ತೇನೆ, ನೀವು ಬಂದು ಕೈಮುಗಿದು ಊಟ ಮಾಡಿಕೊಂಡು ಹೋಗಿ” ಎಂದ. ಜಗಳದ ದನಿಯಲ್ಲಿ ಹೇಳಿದ ಮಾತಲ್ಲ ಅದು, ಪ್ರೀತಿಯಿಂದಲೇ ಹೇಳಿದ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪನ ಭಾಗದ ನಡುಮನೆಯಲ್ಲಿ, ಅವರ ಮಣೆಯ ಮುಂದೆ, ನನ್ನ ಕೈಯಿಂದಲೇ ಎಲೆ ಹಾಕಬೇಕೆಂಬ ಆಸೆ ನನ್ನದು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಪ್ಪ ನಿಜವಾಗಿ ಬಂದು ಉಣ್ಣುತ್ತಾರೆಂದು ನಾನು ನಂಬುತ್ತೇನೆಯೇ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಚಿಕ್ಕಂದಿನಲ್ಲಿ ಎಡೆ ಇಟ್ಟು, ಧೂಪ ಹಾಕಿ, ಎಲ್ಲರೂ ಜಗುಲಿಗೆ ಬಂದು ಬಾಗಿಲು ಮುಚ್ಚಿಕೊಂಡು ನಿಲ್ಲುತ್ತಿದ್ದೆವು. ಒಳಗೆ ಅಜ್ಜ ಊಟ ಮಾಡುತ್ತಿದ್ದಾರೆ, ಸದ್ದು ಮಾಡಬೇಡಿ ಎಂದು ಅಪ್ಪ ಹೇಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವರು ಒಮ್ಮೆ ಕೆಮ್ಮಿ, ಬಾಗಿಲನ್ನು ಮೂರು ಸಲ ಬಡಿದು, ಆಮೇಲೆ ತೆರೆಯುತ್ತಿದ್ದರು. ಉಣ್ಣುತ್ತಿರುವವರಿಗೆ ಎಚ್ಚರಿಕೆ ಕೊಡದೆ ಒಳಗೆ ನುಗ್ಗಬಾರದಂತೆ. ಆ ಕೆಮ್ಮು ನನಗೆ ಇನ್ನೂ ಕೇಳಿಸುತ್ತದೆ.

ಹೆಣ್ಣುಮಕ್ಕಳು ತವರಿನಲ್ಲಿ ಎಡೆ ಇಡುವ ವಾಡಿಕೆ ನಿಮ್ಮ ಕಡೆ ಎಲ್ಲಿಯಾದರೂ ಇದೆಯೇ? ಇದ್ದರೆ ದಯವಿಟ್ಟು ತಿಳಿಸಿ.

ಹೊಳೆನರಸೀಪುರದವ

ವಾಡಿಕೆ ಇಲ್ಲ. ನಿಮ್ಮ ತಮ್ಮ ಹೇಳಿದ್ದು ಸರಿಯಾಗಿದೆ. ಕೊಟ್ಟ ಹೆಣ್ಣು ಆ ಕುಲಕ್ಕೆ ಸೇರಿದವಳು, ತವರಿನ ಹಿರಿಯರಿಗೆ ತವರಿನ ಗಂಡುಮಕ್ಕಳೇ ಇಡಬೇಕು. ಗಂಡುಮಕ್ಕಳಿಲ್ಲದಿದ್ದರೆ ದಾಯಾದಿಗಳು ಇಡುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಇದ್ದದ್ದನ್ನು ಹೇಳಿದೆ.

ಕಡೂರು ಸೊಸೆ

ಹೊಳೆನರಸೀಪುರದವರೇ, ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಪಕ್ಷದ ಅಡುಗೆಯನ್ನು ಯಾರು ಮಾಡುತ್ತಾರೆ?

ಹೊಳೆನರಸೀಪುರದವ

ನಮ್ಮ ಮನೆಯವರು ಮತ್ತು ಅತ್ತಿಗೆ ಮಾಡುತ್ತಾರೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಕಡೂರು ಸೊಸೆ

ಸಂಬಂಧ ಇದೆ. ಹಿಂದಿನ ದಿನವೇ ಕಜ್ಜಾಯದ ಹಿಟ್ಟು ಕಲಸಿಟ್ಟು, ಬೆಳಗಿನ ಜಾವ ತಲೆಗೆ ನೀರು ಹಾಕಿಕೊಂಡು, ಒಂದು ತೊಟ್ಟೂ ಕಾಫಿ ಕುಡಿಯದೆ ಒಲೆಯ ಮುಂದೆ ನಿಲ್ಲುವವರು ಬೇರೆ ಮನೆಯಿಂದ ಬಂದ ಹೆಣ್ಣುಮಕ್ಕಳು. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನಾಲಗೆಗೆ ಹಚ್ಚಿ ನೋಡುವಂತಿಲ್ಲ, ಏಕೆಂದರೆ ಅದು ಮೀಸಲು. ಒಡೆ, ಕಡುಬು, ಪಾಯಸ, ಮುದ್ದೆ, ಎರಡು ಬಗೆಯ ಪಲ್ಯ, ಕೋಳಿ ಸಾರು ಎಲ್ಲವೂ ಮುಗಿದ ಮೇಲೆ ಗಂಡಸರು ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ಐದು ನಿಮಿಷದಲ್ಲಿ ಎಲೆಗೆ ಬಡಿಸಿ ಎಡೆ ಇಟ್ಟೆವು ಎನ್ನುತ್ತಾರೆ. ನಾನು ಹದಿನೆಂಟು ವರ್ಷದಿಂದ ಗಂಡನ ಮನೆಯ ಹಿರಿಯರಿಗೆ ಬೇಯಿಸುತ್ತಿದ್ದೇನೆ, ಅವರಲ್ಲಿ ಒಬ್ಬರ ಮುಖವನ್ನೂ ಕಂಡವಳಲ್ಲ. ಹೆತ್ತ ಅಪ್ಪನಿಗೆ ಒಂದು ಎಲೆ ಹಾಕುವುದಕ್ಕೆ ಮಾತ್ರ ನಾನು ಹೊರಗಿನವಳು.

ಮುಟ್ಟಾದರೆ ಆ ದಿನ ಕೊಟ್ಟಿಗೆಯ ಪಕ್ಕದ ಕೋಣೆ ನಮ್ಮ ಪಾಲಿಗೆ, ಅದು ಬೇರೆ ಕಥೆ. ಅದನ್ನು ಇಲ್ಲಿ ಎತ್ತುವುದಿಲ್ಲ.

ಹೊಳೆನರಸೀಪುರದವ

ಮೇಡಂ, ನಾನು ಪದ್ಧತಿ ಏನಿದೆ ಎಂದು ಹೇಳಿದೆನೇ ಹೊರತು ಅದು ನ್ಯಾಯವೋ ಅಲ್ಲವೋ ಎಂದು ಹೇಳಲಿಲ್ಲ.

ಮಳೆನಾಡು ಮನೆ

ಅಕ್ಕ, ನಮ್ಮದು ಸಕಲೇಶಪುರದ ಕಡೆ. ನಮ್ಮ ಅಜ್ಜಿಗೆ ಐದು ಜನ ಹೆಣ್ಣುಮಕ್ಕಳು. ಅಜ್ಜಿಯ ಎಡೆಯನ್ನು ದೊಡ್ಡ ಮಗಳು, ಎಂದರೆ ನಮ್ಮ ದೊಡ್ಡಮ್ಮ, ಮೂವತ್ತು ವರ್ಷಗಳಿಂದ ಇಡುತ್ತಿದ್ದಾರೆ. ಯಾರೂ ತಕರಾರು ಮಾಡಲಿಲ್ಲ, ಏಕೆಂದರೆ ತಕರಾರು ಮಾಡುವ ದಾಯಾದಿಗಳೇ ಹತ್ತಿರದಲ್ಲಿರಲಿಲ್ಲ. ಪದ್ಧತಿ ಎಂಬುದು ಎಷ್ಟೋ ಸಲ ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ನಿಂತಿರುತ್ತದೆ.

ಪದ್ಧತಿ ಬದಲಾಗುವುದಿಲ್ಲ ಎನ್ನುವವರಿಗೆ ಇನ್ನೊಂದು ಮಾತು. ಮೊದಲು ನಮ್ಮಲ್ಲಿ ದೀಪ ಹಚ್ಚುವ ಹೊತ್ತು ಕಳೆದ ಮೇಲೆ, ಕತ್ತಲಲ್ಲಿಯೇ ಎಡೆ ಇಡುತ್ತಿದ್ದರು. ಈಗ ಮಧ್ಯಾಹ್ನ ಮೂರು ಗಂಟೆಗೇ ಮುಗಿಸುತ್ತೇವೆ. ಕಾರಣ ಆನೆ. ತೋಟದ ದಾರಿಯಲ್ಲಿ ಸಂಜೆಯ ನಂತರ ನೆಂಟರು ಬರುವುದಕ್ಕೂ ಆಗುವುದಿಲ್ಲ, ಉಂಡು ಹೋಗುವುದಕ್ಕೂ ಆಗುವುದಿಲ್ಲ. ಆನೆಗೆ ಹೆದರಿ ಹಿರಿಯರ ಊಟದ ಹೊತ್ತನ್ನೇ ಬದಲಾಯಿಸಿದ ನಾವು ಮಗಳ ಕೈಗೆ ಎಲೆ ಕೊಡಲು ಶಾಸ್ತ್ರ ಕೇಳುತ್ತೇವೆ.

ಬೇಲೂರು ವಾಸಿ

ಶಾಸ್ತ್ರದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಎಡೆಯ ಕ್ರಮವಿಲ್ಲ, ತಿಥಿಯ ಪ್ರಕಾರ ಶ್ರಾದ್ಧ, ಎಳ್ಳು ನೀರಿನ ತರ್ಪಣ ಇವೆ. ಪಕ್ಷದ ಹದಿನೈದು ದಿನಗಳಿಗೂ ಒಂದೊಂದು ಲೆಕ್ಕವಿದೆ. ಗಂಡನಿಗಿಂತ ಮುಂಚೆ ತೀರಿಕೊಂಡ ಮುತ್ತೈದೆಯರಿಗೆ ಅವಿಧವಾ ನವಮಿ, ಆಯುಧದಿಂದಲೋ ಅಪಘಾತದಿಂದಲೋ ಸತ್ತವರಿಗೆ ಘಾತ ಚತುರ್ದಶಿ, ತಿಥಿ ತಿಳಿಯದವರಿಗೆ ಮತ್ತು ಉಳಿದೆಲ್ಲರಿಗೂ ಸರ್ವಪಿತೃ ಅಮಾವಾಸ್ಯೆ. ನಿಮ್ಮ ತಾಯಿ ತಂದೆಗಿಂತ ಮೊದಲೇ ಹೋದವರಾದ್ದರಿಂದ ನಮ್ಮ ಲೆಕ್ಕದಲ್ಲಿ ಅವರದು ನವಮಿ.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು ಒಂದಿದೆ. ಶ್ರಾದ್ಧದಲ್ಲಿ ಪವಿತ್ರವಾದವು ಮೂರು, ದೌಹಿತ್ರ, ಕುತುಪ ಕಾಲ ಮತ್ತು ಎಳ್ಳು ಎಂದು ಧರ್ಮಶಾಸ್ತ್ರ ಹೇಳುತ್ತದೆ. ಕುತುಪ ಎಂದರೆ ಹಗಲಿನ ಎಂಟನೆಯ ಮುಹೂರ್ತ, ಹೆಚ್ಚುಕಡಿಮೆ ನಡುಮಧ್ಯಾಹ್ನ. ದೌಹಿತ್ರ ಎಂದರೆ ಮಗಳ ಮಗ. ಅಮಾವಾಸ್ಯೆಯ ಮರುದಿನ, ನವರಾತ್ರಿಯ ಮೊದಲ ದಿನವಾದ ಆಶ್ವಯುಜ ಶುದ್ಧ ಪಾಡ್ಯದಂದು, ಮಗಳ ಮಗನು ತಾಯಿಯ ತಂದೆಗೆ ಮಾತಾಮಹ ಶ್ರಾದ್ಧ ಮಾಡುವ ಕ್ರಮವೇ ಇದೆ. ಈ ವರ್ಷ ಅದು 22, ಸೋಮವಾರ. ಮಗಳ ಮನೆಯ ಅನ್ನ ತಂದೆಗೆ ಸಲ್ಲುವುದಿಲ್ಲ ಎನ್ನುವವರಿಗೆ ನೀವು ಇದನ್ನು ಹೇಳಬಹುದು. ನಿಮ್ಮ ಮಗ ಮಾಡಲಿ.

ಆಲೂರು ತವರು

ಬಹಳ ಉಪಕಾರವಾಯಿತು ಸರ್. ನನಗಿರುವುದು ಒಬ್ಬಳೇ ಮಗಳು. ತಂಗಿಗೂ ಮಗಳೇ.

ಕಡೂರು ಸೊಸೆ

ಶಾಸ್ತ್ರವು ಒಂದು ಹೆಜ್ಜೆ ಮುಂದೆ ಬಂದು ಅಲ್ಲಿಯೇ ನಿಂತುಬಿಟ್ಟಿತು, ನೋಡಿ.

ಬೇಲೂರು ವಾಸಿ

ಒಪ್ಪುತ್ತೇನೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ನಿಮ್ಮ ಮನೆಯ ಎಡೆಗೆ ಪುರೋಹಿತರೂ ಇಲ್ಲ, ಮಂತ್ರವೂ ಇಲ್ಲ. ಹಾಗಿರುವಾಗ ನಮ್ಮ ಕಟ್ಟುಪಾಡನ್ನು ನೀವು ತಲೆಯ ಮೇಲೆ ಹೊರಬೇಕಾಗಿಯೂ ಇಲ್ಲ.

ಪ್ರಶ್ನಾರ್ಥಕ

ನಾನು ಈ ಚರ್ಚೆಯ ಬುಡವನ್ನೇ ಕೇಳುತ್ತೇನೆ, ಕ್ಷಮಿಸಿ. ಸತ್ತವರು ಬರುವುದಿಲ್ಲ. ಎಲೆಯಲ್ಲಿಟ್ಟ ಅನ್ನ ಇಟ್ಟಷ್ಟೇ ಇರುತ್ತದೆ. ಕಾಗೆ ಪಕ್ಷದಲ್ಲಿಯೂ ಬರುತ್ತದೆ, ಪಕ್ಷ ಮುಗಿದ ಮೇಲೆಯೂ ಬರುತ್ತದೆ. ಯಾರು ಇಡಬೇಕು ಎಂದು ಜಗಳವಾಡುವ ಬದಲು ಆ ಹಣದಲ್ಲಿ ಒಂದು ಹಾಸ್ಟೆಲಿನ ಮಕ್ಕಳಿಗೆ ಊಟ ಹಾಕಿಸಿ. ಬದುಕಿದ್ದಾಗ ನೋಡದೆ ಸತ್ತ ಮೇಲೆ ಕೋಳಿ ಸಾರು ಬಡಿಸುವ ಎಷ್ಟು ಮನೆಗಳನ್ನು ನಾನು ಕಂಡಿಲ್ಲ?

ಹೊಳೆನರಸೀಪುರದವ

ಇಂಥವರು ಪ್ರತಿ ವರ್ಷ ಪಕ್ಷಕ್ಕೆ ಸರಿಯಾಗಿ ಬರುತ್ತಾರೆ, ಕಾಗೆಯ ಹಾಗೆ.

ಪ್ರಶ್ನಾರ್ಥಕ

ಕಾಗೆಗಾದರೂ ನೀವು ಎಡೆ ಇಡುತ್ತೀರಿ, ನನಗೆ ಬೈಗುಳ ಮಾತ್ರ.

ಬೆಳಗೊಳದವಳು

ಪ್ರಶ್ನಾರ್ಥಕ ಅವರ ಮಾತಿಗೆ ಬೇರೆ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಾವು ಜೈನರು, ಶ್ರವಣಬೆಳಗೊಳದವರು. ಜೀವವು ಒಂದು ದೇಹವನ್ನು ಬಿಟ್ಟ ಮೇಲೆ ಎಲ್ಲಿಯೂ ಕಾಯುವುದಿಲ್ಲ, ಕಣ್ಣೆವೆ ಮುಚ್ಚುವುದಕ್ಕಿಂತ ಕಡಿಮೆ ಕಾಲದಲ್ಲಿ ತನ್ನ ಕರ್ಮಕ್ಕೆ ತಕ್ಕ ಇನ್ನೊಂದು ಗತಿಗೆ ಹೋಗಿ ಸೇರುತ್ತದೆ ಎಂಬುದು ನಮ್ಮ ಸಿದ್ಧಾಂತ. ಒಬ್ಬರು ಬಡಿಸಿದ ಅನ್ನ ಸತ್ತ ಇನ್ನೊಬ್ಬರಿಗೆ ತಲುಪುತ್ತದೆ ಎಂಬುದನ್ನು ನಮ್ಮ ಆಚಾರ್ಯರು ಒಪ್ಪಲಿಲ್ಲ. ನಂಬಿಕೆ ಇಲ್ಲದವರು ಮಾತ್ರ ಎಡೆಯನ್ನು ಪ್ರಶ್ನಿಸುತ್ತಾರೆ ಎಂದೇನೂ ಇಲ್ಲ, ಗಾಢವಾದ ನಂಬಿಕೆಯುಳ್ಳವರೂ ಸಾವಿರ ವರ್ಷಗಳಿಂದ ಪ್ರಶ್ನಿಸಿದ್ದಾರೆ.

ಆದರೆ ಚಿಕ್ಕಬೆಟ್ಟವನ್ನು ಹತ್ತಿ ನೋಡಿ. ಸಲ್ಲೇಖನದಿಂದ, ಎಂದರೆ ಉಪವಾಸ ವ್ರತದಿಂದ, ದೇಹ ಬಿಟ್ಟವರ ನೆನಪಿಗೆ ನಿಲ್ಲಿಸಿದ ನಿಷಿಧಿಗಳು ಅಲ್ಲಿ ಎಷ್ಟೊಂದಿವೆ. ಗುರುವಿಗೆ ಶಿಷ್ಯರು ನಿಲ್ಲಿಸಿದ್ದಾರೆ, ಹೆಂಗಸರಿಗೂ ನಿಲ್ಲಿಸಿದ್ದಾರೆ. ಹೋದವರು ಮರಳಿ ಬರುವುದಿಲ್ಲ, ಅವರಿಗೆ ನಮ್ಮಿಂದ ಏನೂ ಬೇಕಾಗಿಲ್ಲ ಎಂದು ಖಚಿತವಾಗಿ ತಿಳಿದವರೇ ಬಂಡೆ ಕೊರೆದು ಹೆಸರು ಬರೆಸಿದರು. ನಮ್ಮ ಅಜ್ಜಿ ಇಷ್ಟನ್ನೆಲ್ಲ ಬಲ್ಲವರು. ಆದರೂ ಅಜ್ಜ ಹೋದ ದಿನದಂದು ಪ್ರತಿ ವರ್ಷವೂ ಅವರಿಗೆ ಪ್ರಿಯವಾದ ಹಾಲುಬಾಯಿ ಮಾಡಿ, ಬಸದಿಗೆ ಹೋಗಿ ಬಂದು ನಮಗೆಲ್ಲ ಹಂಚುತ್ತಿದ್ದರು. ಯಾರಿಗೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ವಕೀಲ ಮಿತ್ರ

ಕಾನೂನಿನ ದೃಷ್ಟಿಯಿಂದ ಒಂದು ಎಚ್ಚರಿಕೆ. ಎಡೆ ಇಡುವ ಹಕ್ಕು ಯಾರದು ಎಂಬ ಪ್ರಶ್ನೆಯ ಹಿಂದೆ ಎಷ್ಟೋ ಸಲ ಪಹಣಿಯಲ್ಲಿ ಯಾರ ಹೆಸರು ಎಂಬ ಪ್ರಶ್ನೆ ಇರುತ್ತದೆ. ಪಿಂಡ ಹಾಕಿದವನಿಗೆ ಆಸ್ತಿ ಎಂಬ ಹಳೆಯ ಮಾತನ್ನು ಊರಿನ ಪಂಚಾಯಿತಿಕಟ್ಟೆಯಲ್ಲಿ ಇಂದಿಗೂ ಕೇಳುತ್ತೇವೆ. ಕರ್ನಾಟಕದಲ್ಲಿ 1994ರ ತಿದ್ದುಪಡಿಯು ಅಷ್ಟರಲ್ಲಿ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಎಡೆ ಇಟ್ಟರೆ ಪಾಲು, ಇಡದಿದ್ದರೆ ಇಲ್ಲ ಎಂಬ ಮಾತು ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಪೌತಿ ಖಾತೆ, ಎಂದರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬದಲಾಗುವುದು, ಆಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಆಲೂರು ತವರು

ವಕೀಲ ಮಿತ್ರರೇ, ನಿಮ್ಮ ಕಾಳಜಿಗೆ ವಂದನೆಗಳು, ಆದರೆ ನನ್ನ ತಮ್ಮನ ಬಗ್ಗೆ ತಪ್ಪು ಅಭಿಪ್ರಾಯ ಬರುವುದು ನನಗೆ ಇಷ್ಟವಿಲ್ಲ. ಪೌತಿ ಖಾತೆಗೆ ಕಾಗದಪತ್ರ ಹಿಡಿದು ನಾಡಕಚೇರಿಗೆ ನಮ್ಮ ಪರವಾಗಿ ಅಲೆದವನೇ ಅವನು. ಅಪ್ಪನಿಗೆ ರಾತ್ರಿ ಎದೆನೋವು ಬಂದಾಗ ಜೀಪಿನಲ್ಲಿ ಕೂರಿಸಿಕೊಂಡು ಆ ಮಳೆಯಲ್ಲಿ ಹಾಸನದವರೆಗೆ ತಂದವನೂ ಅವನೇ. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ನನ್ನ ಮನೆಯಿಂದ ಆಸ್ಪತ್ರೆಗೆ ಎರಡು ಕಿಲೋಮೀಟರು ಕೂಡ ಇಲ್ಲ. ಅವನು ಮೂರು ಸಲ ಫೋನ್ ಮಾಡಿದ್ದ, ನನ್ನ ಫೋನು ಹಾಲಿನಲ್ಲಿ ಚಾರ್ಜಿಗೆ ಇತ್ತು.

ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ನನಗೆ ಸುಲಭವಾಗಿದ್ದರೆ ಇಲ್ಲಿ ಕೇಳಲು ಬರುತ್ತಲೇ ಇರಲಿಲ್ಲ.

ಮಳೆನಾಡು ಮನೆ

ಅಕ್ಕ, ಇದನ್ನು ಮೊದಲೇ ಹೇಳಬೇಕಿತ್ತು. ನಾವು ಸುಮ್ಮನೆ ನಿಮ್ಮ ತಮ್ಮನನ್ನು ಕಟಕಟೆಯಲ್ಲಿ ನಿಲ್ಲಿಸಿದೆವು.

ಗೊರೂರು ಹಿನ್ನೀರು

ಎರಡು ದಿನದಿಂದ ಓದುತ್ತಿದ್ದೆ, ಬರೆಯಲೋ ಬೇಡವೋ ಎಂದುಕೊಳ್ಳುತ್ತಿದ್ದೆ. ನಮ್ಮದು ಹೇಮಾವತಿಯಲ್ಲಿ ಮುಳುಗಿದ ಊರು. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ, ನಾನು ಹುಟ್ಟಿದ್ದು ಅದರ ಮೇಲೆ, ಹೊಸ ಊರಿನಲ್ಲಿ. ಹಳೆಯ ಊರನ್ನು ನೋಡಬೇಕಾದರೆ ಏಪ್ರಿಲ್, ಮೇ ತಿಂಗಳಿನಲ್ಲಿ ಹೋಗಬೇಕು. ನೀರು ಇಳಿದಾಗ ಗುಡಿಯ ಅಡಿಪಾಯ, ಬಾವಿಯ ಕಟ್ಟೆ, ಒಂದು ಹುಣಸೆಯ ಬೊಡ್ಡೆ ಕಾಣಿಸುತ್ತವೆ. ಹಿರಿಯರ ಹಬ್ಬ ಬರುವುದು ಮಾತ್ರ ಅಣೆಕಟ್ಟು ತುಂಬಿ ನಿಲ್ಲುವ ಕಾಲದಲ್ಲಿ, 2922 ಅಡಿಯ ಗುರುತಿನ ಆಸುಪಾಸಿನಲ್ಲಿ. ನಮ್ಮ ಹಿರಿಯರ ಮನೆ ಬೇಸಿಗೆಯಲ್ಲಿ ತೆರೆದಿರುತ್ತದೆ, ಅವರು ಬರುವ ಹೊತ್ತಿಗೆ ನೀರಿನಡಿಗೆ ಹೋಗಿರುತ್ತದೆ.

ನಮ್ಮ ಅಜ್ಜ ಬದುಕಿದ್ದಷ್ಟು ಕಾಲ ಹೊಸ ಮನೆಯಲ್ಲಿ ಎಡೆ ಇಡಲು ಒಪ್ಪಲಿಲ್ಲ. “ಅವರಿಗೆ ಈ ಮನೆಯ ದಾರಿ ಗೊತ್ತಿಲ್ಲ” ಎನ್ನುತ್ತಿದ್ದರು. ಹಾಗಾಗಿ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಹೊತ್ತುಕೊಂಡು ನೀರಿನ ಅಂಚಿಗೆ ಹೋಗಿ ಅಲ್ಲಿ ಎಲೆ ಹಾಕುವುದು ರೂಢಿಯಾಯಿತು. ನಿಮ್ಮಲ್ಲಿ ಬಾಗಿಲು ಮುಚ್ಚುತ್ತೀರಿ. ಅಲ್ಲಿ ಬಾಗಿಲೆಲ್ಲಿಂದ ಬರಬೇಕು? ಎಡೆ ಇಟ್ಟಾದ ಮೇಲೆ ಎಲ್ಲರೂ ನೀರಿಗೆ ಬೆನ್ನು ಮಾಡಿ ನಿಲ್ಲುತ್ತೇವೆ, ಮಕ್ಕಳೂ ತಿರುಗಿ ನೋಡುವಂತಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಡೆ ಇಡುವವರು ನಮ್ಮ ಸೋದರತ್ತೆ. ಅರಕಲಗೂಡಿಗೆ ಕೊಟ್ಟ ಹೆಣ್ಣು, ಎಂಬತ್ತು ದಾಟಿದೆ. ಅಪ್ಪ ಇದ್ದಾರೆ, ಚಿಕ್ಕಪ್ಪಂದಿರಿದ್ದಾರೆ, ನಾವು ಗಂಡುಮಕ್ಕಳು ಆರು ಜನ ಇದ್ದೇವೆ. ಆದರೂ ಅತ್ತೆಯೇ ಏಕೆ ಎಂದರೆ, ಮನೆ ಯಾವ ದಿಕ್ಕಿಗಿತ್ತು, ದಡದಲ್ಲಿ ಎಲ್ಲಿ ನಿಂತರೆ ಅದು ನೇರಕ್ಕೆ ಬರುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅಪ್ಪ ಆಗ ಚಿಕ್ಕವರಾಗಿದ್ದು ಊರಿನಿಂದ ಹೊರಗೆ ಓದುತ್ತಿದ್ದರು. ಅತ್ತೆ ಬಂದು, ಕಣ್ಣ ಮೇಲೆ ಕೈಯಿಟ್ಟು ನೀರನ್ನು ನೋಡಿ, ನಾಲ್ಕು ಹೆಜ್ಜೆ ಆ ಕಡೆ ನಡೆದು ಇಲ್ಲಿ ಎಂದರೆ ಅಲ್ಲಿಯೇ ಎಲೆ. ಕೊಟ್ಟ ಹೆಣ್ಣೋ ಮನೆಯ ಹೆಣ್ಣೋ ಎಂದು ಕೇಳುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ.

ಶೆಟ್ಟಿಹಳ್ಳಿ ಮೂಲ

ಗೊರೂರು ಹಿನ್ನೀರಿನ ಅಣ್ಣ, ನಮ್ಮ ಅಜ್ಜನ ಕಾಲದವರೂ ಅದೇ ನೀರಿಗೆ ಊರು ಬಿಟ್ಟು ಎದ್ದು ಬಂದವರು. ಮಳೆಗಾಲದಲ್ಲಿ ಅರ್ಧ ಮುಳುಗಿದ ಚರ್ಚಿನ ಫೋಟೋ ತೆಗೆಯಲು ಈಗ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, 1860ರ ದಶಕದ ಕಟ್ಟಡ ಎಂದು ಬೆರಗಾಗುತ್ತಾರೆ. ನಮ್ಮ ಮನೆಯವರು ಅಲ್ಲಿಗೆ ಹೋದರೆ ಫೋಟೋ ತೆಗೆಯುವುದಿಲ್ಲ.

ನಮ್ಮಲ್ಲಿ ನವೆಂಬರ್ 2 ಸಕಲ ಆತ್ಮಗಳ ದಿನ. ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ, ಪಾದ್ರಿಗಳು ಆಶೀರ್ವದಿಸಿದ ಮೇಲೆ ಮನೆಗೆ ಬರುತ್ತೇವೆ. ಮೇಣದಬತ್ತಿಯನ್ನು ಯಾರು ಹಚ್ಚಬೇಕೆಂಬ ಪ್ರಶ್ನೆಯೇ ಇಲ್ಲ, ಬಂದವರೆಲ್ಲ ಹಚ್ಚುತ್ತಾರೆ. ಊಟ ಬಡಿಸುವ ಪದ್ಧತಿ ನಮ್ಮಲ್ಲಿಲ್ಲ, ಆದರೆ ಆ ದಿನ ಅಮ್ಮ ಅಜ್ಜನಿಗೆ ಇಷ್ಟವಾದ ಹಂದಿಮಾಂಸದ ಸಾರು, ಕಡುಬು ಮಾಡದೆ ಇರುವುದಿಲ್ಲ. ಅಕ್ಕಪಕ್ಕದ ಮನೆಗಳ ಗಾಳಿ ಬೀಸಿರಬೇಕು.

ಅರಸೀಕೆರೆ ತೆಂಗು

ನಮ್ಮಲ್ಲಿ ಲಿಂಗೈಕ್ಯರಾದವರು ಲಿಂಗದಲ್ಲಿ ಬೆರೆತರೆಂದ ಮೇಲೆ ಅವರನ್ನು ಮತ್ತೆ ಊಟಕ್ಕೆ ಕರೆಯುವುದು ಸಿದ್ಧಾಂತಕ್ಕೆ ಕೂಡುವುದಿಲ್ಲ. ಹಾಗೆಂದು ನಾನು ಮನೆಯಲ್ಲಿ ಹೇಳಿದಾಗ ಅಮ್ಮ, “ಸಿದ್ಧಾಂತ ನೀನು ಇಟ್ಟುಕೋ, ಹೋಳಿಗೆ ನಾನು ಇಡುತ್ತೇನೆ” ಎಂದರು.

ಹೊಳೆನರಸೀಪುರದವ

ಅಡುಗೆಯ ಮಾತು ಬಂದದ್ದರಿಂದ ನನ್ನದೊಂದು ಸಂಕಟ. ನಾನು ಕೆಲಸದ ನಿಮಿತ್ತ ಬೆಂಗಳೂರಿನಲ್ಲಿದ್ದೇನೆ. ಕಳೆದ ವರ್ಷ, 2024ರಲ್ಲಿ, ಮಹಾಲಯ ಅಮಾವಾಸ್ಯೆ ಸರಿಯಾಗಿ ಅಕ್ಟೋಬರ್ 2ಕ್ಕೆ ಬಿದ್ದಿತ್ತು. ಗಾಂಧಿ ಜಯಂತಿಯಂದು ಮಾಂಸ ಮಾರುವಂತಿಲ್ಲ. ಊರಿಗೆ ಹೋಗಲು ರಜೆ ಸಿಗಲಿಲ್ಲ. ಹಿಂದಿನ ದಿನವೇ ತಂದು ಫ್ರಿಜ್ಜಿನಲ್ಲಿಟ್ಟ ಮಾಂಸವನ್ನು ಹಿರಿಯರಿಗೆ ಬಡಿಸಬಹುದೇ ಎಂದು ಊರಿಗೆ ಫೋನ್ ಮಾಡಿ ಕೇಳಿದೆ. ಅಮ್ಮ ತುಂಬ ಹೊತ್ತು ಯೋಚಿಸಿ, “ನಿಮ್ಮಪ್ಪ ತಂಗಳು ತಿನ್ನುತ್ತಿರಲಿಲ್ಲ, ಮೊಟ್ಟೆ ಸಾರು ಮಾಡು” ಎಂದರು. ಹಾಗೆಯೇ ಮಾಡಿದೆ. ಪದ್ಧತಿ ಪದ್ಧತಿ ಎಂದು ಮೊದಲ ದಿನ ಬರೆದವನು ನಾನೇ ಎಂಬುದು ನೆನಪಿದೆ, ಯಾರೂ ಎತ್ತಿ ತೋರಿಸಬೇಡಿ.

ಕಡೂರು ಸೊಸೆ

ತೋರಿಸುವುದಿಲ್ಲ. ಆದರೆ ಗುರುತು ಹಾಕಿಕೊಂಡಿದ್ದೇನೆ.

ಪ್ರಶ್ನಾರ್ಥಕ

ಇಷ್ಟು ಓದಿದ ಮೇಲೆ ನನ್ನ ಪ್ರಶ್ನೆ ಬದಲಾಗಿಲ್ಲ, ದನಿ ಸ್ವಲ್ಪ ತಗ್ಗಿದೆ. ಆಲೂರು ತವರು ಅವರೇ, ನಿಮಗೆ ನಂಬಿಕೆ ಇದೆಯೋ ಇಲ್ಲವೋ ತಿಳಿಯದು ಎಂದು ಬರೆದಿದ್ದೀರಿ. ನಂಬಿಕೆ ಇಲ್ಲದೆ ಎಡೆ ಇಟ್ಟರೆ ಅದು ನಾಟಕವಾಗುವುದಿಲ್ಲವೇ? ಚುಚ್ಚಲು ಕೇಳುತ್ತಿಲ್ಲ. ನಮ್ಮ ಅಪ್ಪನಿಗೆ ನಾನು ಏನನ್ನೂ ಮಾಡಲಿಲ್ಲ. ಅವರೇ ಬೇಡವೆಂದು ಬರೆದಿಟ್ಟಿದ್ದರು, ಅದನ್ನು ನಡೆಸಿದೆ. ಅದು ಸರಿ ಎಂದು ಇವತ್ತಿಗೂ ನನ್ನ ನಿಲುವು. ಆದರೂ ಅಮಾವಾಸ್ಯೆಯ ದಿನ ಬೀದಿಯ ಎಲ್ಲ ಮನೆಗಳಿಂದ ಧೂಪದ ಹೊಗೆ ಬರುವಾಗ ನಾನು ಹೊರಗೆ ಎಲ್ಲಿಗಾದರೂ ಹೋಗಿಬಿಡುತ್ತೇನೆ.

ಆಲೂರು ತವರು

ನಾಟಕವಾಗಬಹುದು. ನಾನೂ ಅದನ್ನು ಯೋಚಿಸಿದ್ದೇನೆ. ಅಪ್ಪ ಕೂಡ ಅಜ್ಜ ಬರುತ್ತಾರೆಂದು ಪೂರ್ತಿ ನಂಬಿದ್ದರೇ ಎಂಬುದು ನನಗೆ ಗೊತ್ತಿಲ್ಲ, ನಾನು ಕೇಳಲಿಲ್ಲ. ಕೆಮ್ಮುತ್ತಿದ್ದದ್ದು ಅಜ್ಜನಿಗೆ ಕೇಳಲೆಂದೋ, ನಮಗೆ ಕೇಳಲೆಂದೋ? ನೀವು ನಿಮ್ಮ ತಂದೆಯ ಮಾತನ್ನು ನಡೆಸಿದ್ದೀರಿ. ನಮ್ಮ ಅಪ್ಪ ಏನನ್ನೂ ಬರೆದಿಡಲಿಲ್ಲ, ಇಷ್ಟು ವರ್ಷ ಮಾಡಿ ತೋರಿಸಿದರು, ಅಷ್ಟೇ.

ಬೇಲೂರು ವಾಸಿ

ಒಂದು ಸಲಹೆ. ಎಡೆ ಇಡುವ ಮಾತನ್ನು ಫೋನಿನಲ್ಲಿ ತೀರ್ಮಾನಿಸಬೇಡಿ. ಎರಡು ದಿನ ಮುಂಚೆ ಊರಿಗೆ ಹೋಗಿ, ಮನೆ ಸಾರಿಸುವ ಕೆಲಸದಿಂದಲೇ ಕೈ ಹಾಕಿ. ಕೆಲಸ ಮಾಡುತ್ತಿರುವವರನ್ನು ನೀನು ಯಾರು ಎಂದು ಕೇಳುವುದು ಕಷ್ಟ.

ಆಲೂರು ತವರು (ಸೆಪ್ಟೆಂಬರ್ 23)

ಏನಾಯಿತೆಂದು ಹೇಳದೆ ಹೋದರೆ ತಪ್ಪಾಗುತ್ತದೆ. ಬೇಲೂರಿನವರ ಮಾತಿನಂತೆ ಶುಕ್ರವಾರವೇ ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಭಾನುವಾರ ಬೆಳಿಗ್ಗೆ ತಂಗಿಯೂ ಬಂದಳು. ಅಪ್ಪನ ಭಾಗದ ಮನೆಯನ್ನು ನಾನು ಗುಡಿಸಿ ಸಾರಿಸುತ್ತಿದ್ದರೆ ತಮ್ಮ ಬಂದು ಬಾಗಿಲಲ್ಲಿ ನಿಂತು ನೋಡಿದ. ಏನನ್ನೂ ಹೇಳದೆ ಹೋಗಿ ಏಣಿ ತಂದು ಜೇಡರ ಬಲೆ ತೆಗೆಯತೊಡಗಿದ. ನಾನೇ ಬಾಯಿಬಿಟ್ಟು ಕೇಳಿದೆ. ಅವನು, “ಅಕ್ಕ, ನಾನು ಬೇಡವೆಂದದ್ದು ನಿನಗೆ ಹಕ್ಕಿಲ್ಲ ಎಂದಲ್ಲ. ಈ ವರ್ಷ ನೀನು ಇಟ್ಟು, ಬರುವ ವರ್ಷ ಮಗಳ ಪರೀಕ್ಷೆ, ಗಂಡನ ಕೆಲಸ ಎಂದು ಬರಲಾಗದೆ ಹೋದರೆ ದೊಡ್ಡಪ್ಪ ಬಂದು ಮುಚ್ಚಿದ ಬಾಗಿಲು ನೋಡಿಕೊಂಡು ಹಿಂದಕ್ಕೆ ಹೋಗಬೇಕಾಗುತ್ತದೆ. ನಾನಾದರೆ ಇಲ್ಲೇ ಇರುತ್ತೇನೆ” ಎಂದ. ಇಂಥದೊಂದು ಕಾರಣ ಇರಬಹುದೆಂದು ಇಲ್ಲಿ ಚರ್ಚಿಸಿದ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನನಗಂತೂ ಹೊಳೆಯಲಿಲ್ಲ.

ಕೊನೆಗೆ ಅಡುಗೆ ಎರಡೂ ಮನೆಗೆ ಒಂದೇ ಒಲೆಯಲ್ಲಿ ಆಯಿತು. ಅವನ ಹೆಂಡತಿ, ನಾನು, ತಂಗಿ ಸೇರಿ ಮಾಡಿದೆವು. ಅಜ್ಜ ಅಜ್ಜಿ, ಚಿಕ್ಕಪ್ಪನ ಎಡೆಯನ್ನು ಅವನು ಅವನ ನಡುಮನೆಯಲ್ಲಿ ಇಟ್ಟ. ಅಪ್ಪ ಅಮ್ಮನ ಎಡೆಯನ್ನು ನಾನು ನಮ್ಮ ಕಡೆ ಇಟ್ಟೆ. ಅಪ್ಪನಿಗೆ ಹೊಸ ಪಂಚೆ, ಅಮ್ಮನಿಗೆ ಸೀರೆ ಕುಪ್ಪಸ ಇಟ್ಟು, ಹಾಸನದಿಂದ ನೆನಪಿಟ್ಟುಕೊಂಡು ತಂದಿದ್ದ ಬೀಡಿಕಟ್ಟು, ಬೆಂಕಿಪೊಟ್ಟಣವನ್ನು ಎಲೆಯ ಪಕ್ಕದಲ್ಲಿ ಇಡಲು ಹೋದೆ. ತಮ್ಮ ಮೆಲ್ಲಗೆ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡು, “ದೊಡ್ಡಪ್ಪ ಬೀಡಿ ಬಿಟ್ಟು ಎರಡು ವರ್ಷವಾಗಿತ್ತಲ್ಲ ಅಕ್ಕ” ಎಂದ. ಒಳಗೆ ಹೋಗಿ ಒಂದು ಲೋಟ ಬೆಲ್ಲದ ಕಾಫಿ ತಂದಿಟ್ಟ. ಸಂಜೆ ಹೊತ್ತು ಬೀಡಿಯ ನೆನಪಾದಾಗಲೆಲ್ಲ ಅವರು ಅವನ ಮನೆಗೆ ಬಂದು ಅದನ್ನು ಕುಡಿಯುತ್ತಿದ್ದರಂತೆ. ನನಗೆ ಗೊತ್ತಿರಲಿಲ್ಲ. ನಾನು ಹೋದಾಗಲೆಲ್ಲ ಕೆಮ್ಮು ಕಡಿಮೆಯಾಗಿದೆಯಲ್ಲ ಎಂದು ಮಾತ್ರ ಅಂದುಕೊಂಡಿದ್ದೆ.

ಎರಡು ಬಾಗಿಲನ್ನೂ ಒಟ್ಟಿಗೆ ಮುಚ್ಚಿ ಎಲ್ಲರೂ ಜಗುಲಿಯಲ್ಲಿ ನಿಂತೆವು. ಮಳೆ ಸಣ್ಣಗೆ ಹನಿಯುತ್ತಿತ್ತು. ಮಗಳು ಎಷ್ಟು ಹೊತ್ತು ಎಂದು ಪಿಸುಗುಟ್ಟಿ ಕೇಳಿದಳು. ತಮ್ಮ ಕೆಮ್ಮಿದ, ಅವಳು ಬಾಗಿಲನ್ನು ಮೂರು ಸಲ ಬಡಿದಳು.

ಗೊರೂರು ಹಿನ್ನೀರು

ನಮ್ಮದೂ ಆಯಿತು. ಅತ್ತೆಗೆ ಈ ಸಲ ಮಂಡಿನೋವು, ದಡಕ್ಕೆ ಇಳಿಯಲಾಗಲಿಲ್ಲ. ಕಾರಿನಲ್ಲಿಯೇ ಕುಳಿತು ಕೈ ತೋರಿಸಿ ಜಾಗ ಹೇಳಿದರು. ನನ್ನ ಅಕ್ಕ ಅಲ್ಲಿ ಒಂದು ಗೂಟ ನೆಟ್ಟು ಬಂದಿದ್ದಾಳೆ.

ಹೊಳೆನರಸೀಪುರದವ

ಮುಂದಿನ ವರ್ಷ ಅಮಾವಾಸ್ಯೆ ಅಕ್ಟೋಬರ್ 10, ಶನಿವಾರ. ಮಾಂಸದಂಗಡಿಗೆ ತೊಂದರೆ ಇಲ್ಲ, ಈಗಲೇ ನೋಡಿಟ್ಟುಕೊಂಡಿದ್ದೇನೆ. ಆಲೂರು ತವರು ಅವರು ರಜೆಯನ್ನು ಈಗಲೇ ಬರೆದುಕೊಡಲಿ.

ಆಲೂರು ತವರು

ತಮ್ಮನ ಮನೆಯ ಗೋಡೆಯ ಕ್ಯಾಲೆಂಡರು 2026ರದ್ದು ಇನ್ನೂ ಬಂದಿಲ್ಲ, ಬಂದ ಕೂಡಲೇ ಗುರುತು ಹಾಕುತ್ತೇನೆಂದು ಅವನೇ ಹೇಳಿದ್ದಾನೆ.

ಕಡೂರು ಸೊಸೆ

ಅದೆಲ್ಲ ಇರಲಿ, ಕೋಳಿ ಸಾರಿಗೆ ಉಪ್ಪು ಸರಿಯಾಗಿತ್ತೇ?

ಆಲೂರು ತವರು

ಸ್ವಲ್ಪ ಕಡಿಮೆಯಾಗಿತ್ತು.